ಕಪ್ಪು-ಬಿಳಿ ಗಾಡಿಯ ಬೆನ್ನು ಹತ್ತಿ: ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್ ಮಾಡೆಲ್ ಕಾರು ಕೂಡಿಡುವುದು ಹೇಗೆ

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಅಡಿಗಿಂತ ತುಸು ಚಿಕ್ಕದಾದ ಒಂದು ಕಾರಿದೆ. ಕಪ್ಪು ಮೈ, ಬಿಳಿ ಬಾಗಿಲು, ಬಾಗಿಲ ಮೇಲೆ ಚಿನ್ನದ ಬಣ್ಣದ ಏಳು ಮೂಲೆಯ ನಕ್ಷತ್ರ. ಫೋರ್ಡ್ ಕ್ರೌನ್ ವಿಕ್ಟೋರಿಯಾ, ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲಿನ, ಅಂದರೆ ಅಲ್ಲಿನ ಹೆದ್ದಾರಿ ಪೊಲೀಸರ ಗಾಡಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಅಕ್ಕ ಒಮ್ಮೆ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ತಂದುಕೊಟ್ಟಳು. ಅವಳ ಪ್ರಕಾರ ಅದು ದಿನಾ ಆಫೀಸಿಗೆ ಹೋಗುವಾಗ ಕನ್ನಡಿಯಲ್ಲಿ ಕಂಡರೆ ಎಲ್ಲರ ಕಾಲೂ ತಾನಾಗಿ ಬ್ರೇಕ್ ಮೇಲೆ ಹೋಗುವ ಕಾರು. ನನಗೆ ಅಲ್ಲಿಂದ ಶುರುವಾಯಿತು. ಆ ಒಂದು ಗಾಡಿ ಯಾಕೆ ಹಾಗಿದೆ, ಅದಕ್ಕೂ ಮುಂಚೆ ಯಾವ ಗಾಡಿ ಇತ್ತು, ಗಾಜಿನ ಪಕ್ಕದಲ್ಲಿ ಆ ಕೆಂಪು ದೀಪ ಯಾಕೆ ಅಂತ ಹುಡುಕುತ್ತಾ ಹೋದ ಹಾಗೆ ಒಂದೊಂದೇ ಮಾಡೆಲ್ ಸೇರಿಕೊಂಡಿತು.

ಈಗ ಶುರು ಮಾಡುವವರು ಕೇಳುತ್ತಿರುತ್ತಾರೆ, ಎಲ್ಲಿಂದ ಹಿಡಿಯಬೇಕು, ಏನು ನೋಡಿ ತಗೊಳ್ಳಬೇಕು ಅಂತ. ನಾನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ. ಕೆಲವು ಕಡೆ ನಾನು ತಪ್ಪು ಮಾಡಿ ಕಲಿತದ್ದನ್ನೂ ಸೇರಿಸಿದ್ದೇನೆ.

ಮೊದಲು ಒಂದೇ ಪಡೆ ಹಿಡಿಯಿರಿ

ಶುರುವಿನಲ್ಲಿ ಎಲ್ಲರೂ ಮಾಡುವುದು ಒಂದೇ. ಪೊಲೀಸ್ ಅಂತ ಬರೆದ ಕಾರು ಕಂಡರೆ ತಗೊಳ್ಳುವುದು. ನ್ಯೂಯಾರ್ಕಿನದೊಂದು, ಜರ್ಮನಿಯದೊಂದು, ಯಾವ ಊರಿಗೂ ಸೇರದ ಬರೀ ‘ಪೊಲೀಸ್’ ಒಂದು. ಎರಡು ವರ್ಷ ಆದ ಮೇಲೆ ಕಪಾಟು ತುಂಬಿರುತ್ತದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರುವುದಿಲ್ಲ. ಒಂದು ಪಡೆಯನ್ನು ಹಿಡಿದರೆ ಮುಂದೆ ಯಾವ ಗಾಡಿ ಬೇಕು ಅನ್ನುವುದನ್ನು ಆ ಪಡೆಯ ಇತಿಹಾಸವೇ ಹೇಳುತ್ತದೆ. ದುಡ್ಡೂ ಉಳಿಯುತ್ತದೆ.

ಅಮೆರಿಕದಲ್ಲಿ ಊರಿಗೊಂದು ಪೊಲೀಸ್ ಇಲಾಖೆ, ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಒಬ್ಬ ಶೆರಿಫ್ ಅನ್ನುವ ಪೊಲೀಸ್ ಮುಖ್ಯಸ್ಥ, ಅದರ ಮೇಲೆ ರಾಜ್ಯಕ್ಕೊಂದು ಪಡೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಹೆದ್ದಾರಿಗಳನ್ನು ನೋಡಿಕೊಳ್ಳುವುದು ಹೈವೇ ಪ್ಯಾಟ್ರೋಲ್. ಎಲ್ಲರೂ ಸಿಎಚ್‌ಪಿ ಅನ್ನುತ್ತಾರೆ. 1929ರ ಆಗಸ್ಟ್ 14ರಂದು ಇದು ಹುಟ್ಟಿತು. ಅದಕ್ಕೂ ಮುಂಚೆ ಟ್ರಾಫಿಕ್ ಅಧಿಕಾರಿಗಳು ಆಯಾ ಕೌಂಟಿಯ ಕೈಕೆಳಗೆ ಇದ್ದರು, ಹಾಗಾಗಿ ಅದೇ ರಸ್ತೆಯಲ್ಲಿ ಕೌಂಟಿ ದಾಟಿದರೆ ನಿಯಮ ಜಾರಿಯಾಗುವ ರೀತಿಯೇ ಬೇರೆ ಆಗುತ್ತಿತ್ತು. 1995ರ ಜುಲೈನಲ್ಲಿ ರಾಜ್ಯದ ಇನ್ನೊಂದು ಪಡೆಯಾದ ಕ್ಯಾಲಿಫೋರ್ನಿಯಾ ಸ್ಟೇಟ್ ಪೊಲೀಸ್ ಕೂಡ ಇದರಲ್ಲೇ ಸೇರಿಹೋಯಿತು.

ನಾನು ಸಿಎಚ್‌ಪಿ ಹಿಡಿದಿದ್ದಕ್ಕೆ ದೊಡ್ಡ ಕಾರಣ ಬಣ್ಣ. ಕ್ಯಾಲಿಫೋರ್ನಿಯಾದ ವಾಹನ ಕಾಯ್ದೆಯಲ್ಲಿ 40800 ಅಂತ ಒಂದು ಸೆಕ್ಷನ್ ಇದೆ. ಟ್ರಾಫಿಕ್ ನಿಯಮ ಜಾರಿ ಮಾಡುವುದೇ ಮುಖ್ಯ ಕೆಲಸವಾಗಿರುವ ಅಧಿಕಾರಿ ಪೂರ್ತಿ ಸಮವಸ್ತ್ರದಲ್ಲಿರಬೇಕು, ಅವರು ಓಡಿಸುವ ಗಾಡಿಗೆ ಎದ್ದು ಕಾಣುವ ಬೇರೆಯೇ ಬಣ್ಣ ಇರಬೇಕು ಅಂತ ಅದು ಹೇಳುತ್ತದೆ. ಅಂದರೆ ಸುಮ್ನೆ ಒಂದು ಸಾಮಾನ್ಯ ಕಾರಿನಲ್ಲಿ ಮರೆಯಲ್ಲಿ ಕೂತು ಜನರನ್ನು ಹಿಡಿಯುವ ಹಾಗಿಲ್ಲ. ಕಪ್ಪು-ಬಿಳಿ ಬಣ್ಣದ ಹಿಂದೆ ಈ ವಿಚಾರ ಇದೆ ಅಂತ ಗೊತ್ತಾದ ಮೇಲೆ ಮಾಡೆಲ್ ನೋಡುವ ಕಣ್ಣೇ ಬದಲಾಗುತ್ತದೆ.

ಹಳೆಯ ಆಟಿಕೆ ಕಂಪನಿಗಳ ಹಾದಿ ಹಿಡಿಯುವವರೂ ಇದ್ದಾರೆ. ಇಂಗ್ಲೆಂಡಿನ ಡಿಂಕಿ ಕಂಪನಿ 258 ಅನ್ನುವ ಒಂದೇ ನಂಬರಿನಲ್ಲಿ ‘ಯುಎಸ್‌ಎ ಪೊಲೀಸ್ ಕಾರ್’ ಅಂತ 1960ರ ದಶಕದಲ್ಲಿ ನಾಲ್ಕು ಬೇರೆ ಬೇರೆ ಗಾಡಿ ತಂದಿತ್ತು: ಡಿಸೋಟೊ, ಡಾಡ್ಜ್, ಫೋರ್ಡ್, ಕ್ಯಾಡಿಲ್ಯಾಕ್. ಮ್ಯಾಚ್‌ಬಾಕ್ಸ್ ಕೂಡ ತನ್ನ 55ನೇ ನಂಬರನ್ನು ಅಮೆರಿಕದ ಪೊಲೀಸ್ ಕಾರಿಗೇ ಇಟ್ಟುಕೊಂಡಿತ್ತು, ಅದರಲ್ಲೂ ಫೇರ್‌ಲೇನ್, ಗ್ಯಾಲಕ್ಸಿ, ಮರ್ಕ್ಯುರಿ ಅಂತ ಒಂದರ ಮೇಲೊಂದು ಬಂದವು. ಇವೆಲ್ಲ ಚೆಂದ, ಆದರೆ ಯಾವ ಪಡೆಯದು ಅಂತ ಕೇಳಿದರೆ ಉತ್ತರ ಇಲ್ಲ. ಅವು ಆಟಿಕೆಯ ಇತಿಹಾಸ. ಇಲ್ಲಿ ನಾನು ಹೇಳುತ್ತಿರುವುದು ರಸ್ತೆಯ ಇತಿಹಾಸ.

ಕೊಳ್ಳುವ ಮುಂಚೆ ನಿಜವಾದ ಗಾಡಿಗಳ ಪರಿಚಯ ಮಾಡಿಕೊಳ್ಳಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಒಂದು ನೋಟ್‌ಬುಕ್ ತಗೊಳ್ಳಿ, ಒಂದೊಂದು ಗಾಡಿಗೆ ಒಂದೊಂದು ಪುಟ ಕೊಡಿ. ಎಲ್ಲ ವರ್ಷದ ಎಲ್ಲ ಗಾಡಿ ಬೇಡ, ಈ ಐದಾರು ಸಾಕು.

1955ರ ಬ್ಯೂಕ್‌ನಿಂದ ಶುರು ಮಾಡಿ. ಆ ವರ್ಷ ಬ್ಯೂಕ್ ಕಂಪನಿ ಸಿಎಚ್‌ಪಿಗಾಗಿಯೇ ಒಂದು ಗಾಡಿ ಮಾಡಿಕೊಟ್ಟಿತು. ‘ಸ್ಪೆಷಲ್’ ಅನ್ನುವ ಮಾದರಿಯ ಎರಡು ಬಾಗಿಲಿನ ಹಗುರ ಮೈ, ಅದರೊಳಗೆ ‘ಸೆಂಚುರಿ’ಯ 322 ಘನ ಅಂಗುಲದ ವಿ8 (ಎಂಟು ಸಿಲಿಂಡರಿನ) ಎಂಜಿನ್, 236 ಅಶ್ವಶಕ್ತಿ. ಹಗುರ ಗಾಡಿಗೆ ದೊಡ್ಡ ಎಂಜಿನ್, ಅಷ್ಟೇ ಉಪಾಯ. ಮಾಡಿದ್ದು 270 ಮಾತ್ರ, ಸಾಮಾನ್ಯ ಗಿರಾಕಿಗೆ ಅದು ಸಿಗುತ್ತಿರಲಿಲ್ಲ. ಅದೇ ವರ್ಷ ಶುರುವಾದ ಹೆದ್ದಾರಿ ಪೊಲೀಸರ ಟಿವಿ ಧಾರಾವಾಹಿಯೊಂದರಲ್ಲಿ ಈ ಬ್ಯೂಕ್ ಓಡಾಡಿದ್ದರಿಂದ ಮನೆಮಾತಾಯಿತು. ಮಾಡೆಲ್ ಕೊಳ್ಳುವಾಗ ಇದನ್ನು ನೆನಪಿಡಿ: ಧಾರಾವಾಹಿಯಲ್ಲಿ ಯಾವ ರಾಜ್ಯ ಅಂತ ಹೇಳಿರಲಿಲ್ಲ, ಹಾಗಾಗಿ ಟಿವಿ ಗಾಡಿಯ ಮಾಡೆಲ್ ಆದರೆ ಬಾಗಿಲ ಮೇಲೆ ಕ್ಯಾಲಿಫೋರ್ನಿಯಾ ಹೆಸರು ಇರುವುದಿಲ್ಲ. ಎರಡೂ ಸರಿಯೇ, ಆದರೆ ನಿಮಗೆ ಬೇಕಾದದ್ದು ಯಾವುದು ಅಂತ ನೀವು ನಿರ್ಧರಿಸಿರಬೇಕು.

ಆಮೇಲೆ 1969ರ ಡಾಡ್ಜ್ ಪೊಲಾರಾ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. 440 ಘನ ಅಂಗುಲದ ಎಂಜಿನ್, ಅಂದರೆ 7.2 ಲೀಟರ್. ನಮ್ಮ ಸಾಮಾನ್ಯ ಕಾರುಗಳಲ್ಲಿ ಒಂದೂಕಾಲು ಲೀಟರ್ ಇದ್ದರೆ ದೊಡ್ಡದು, ಲೆಕ್ಕ ಹಾಕಿ ನೋಡಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 122 ಅಂಗುಲ, ಮೂರು ಮೀಟರಿಗಿಂತ ಜಾಸ್ತಿ. ಮರುಭೂಮಿಯ ನಡುವೆ ನೇರ ರಸ್ತೆಯಲ್ಲಿ ಇಡೀ ದಿನ ಓಡುವ ಗಾಡಿ ಅಲ್ಲಾಡದೆ ನಿಲ್ಲಬೇಕು ಅಂದರೆ ಈ ಉದ್ದ ಬೇಕಿತ್ತು.

ಪೊಲಾರಾ ಓಡುತ್ತಿದ್ದ ಕಾಲದಲ್ಲೇ, 1970ರ ಏಪ್ರಿಲ್ 5ರ ರಾತ್ರಿ, ಲಾಸ್ ಏಂಜಲೀಸಿನ ಉತ್ತರಕ್ಕಿರುವ ನ್ಯೂಹಾಲ್ ಹತ್ತಿರ ಒಂದು ಗಾಡಿಯನ್ನು ನಿಲ್ಲಿಸಿದಾಗ ನಡೆದ ಗುಂಡಿನ ಕಾಳಗದಲ್ಲಿ ಸಿಎಚ್‌ಪಿಯ ನಾಲ್ವರು ಯುವ ಅಧಿಕಾರಿಗಳು ಕೆಲವೇ ನಿಮಿಷಗಳಲ್ಲಿ ಸತ್ತರು. ಕಾರು ನಿಲ್ಲಿಸಿ ಹತ್ತಿರ ಹೋಗುವುದು ಹೇಗೆ, ಇನ್ನೊಬ್ಬರು ಬರುವವರೆಗೆ ಎಲ್ಲಿ ನಿಲ್ಲಬೇಕು, ಬಂದೂಕಿನ ತರಬೇತಿ ಹೇಗಿರಬೇಕು ಅನ್ನುವುದನ್ನೆಲ್ಲ ಅಮೆರಿಕದ ಪೊಲೀಸರು ಆ ರಾತ್ರಿಯ ನಂತರ ಹೊಸದಾಗಿ ಕಲಿತರು. ನನ್ನ ಹತ್ತಿರ ಇರುವ ಪೊಲಾರಾ ಮಾಡೆಲ್ಲಿನ ಪುಟದಲ್ಲಿ ಆ ತಾರೀಖನ್ನು ಬರೆದಿಟ್ಟಿದ್ದೇನೆ. ನೀವೂ ಬರೆಯಿರಿ. ಈ ಗಾಡಿಗಳಲ್ಲಿ ಕೂತವರು ನಿಜವಾದ ಮನುಷ್ಯರು.

1980ರ ಡಾಡ್ಜ್ ಸೇಂಟ್ ರೀಜಿಸ್ ಕಥೆ ಬೇರೆ. ಹೊಗೆ ನಿಯಮ ಕ್ಯಾಲಿಫೋರ್ನಿಯಾದಲ್ಲಿ ಬಹಳ ಬಿಗಿ. ಆ ವರ್ಷ 360 ಘನ ಅಂಗುಲದ ಎಂಜಿನ್ ಅಲ್ಲಿ ಸಿಗಲಿಲ್ಲ, 318ರ ಎಂಜಿನ್ ಹಾಕಿಕೊಂಡೇ ಗಸ್ತು ತಿರುಗಬೇಕಾಯಿತು. ಗಾಡಿ ದೊಡ್ಡದು, ತೂಕ ಜಾಸ್ತಿ, ಎಂಜಿನ್ ಸಣ್ಣದು. ಗುಡ್ಡ ಹತ್ತುವಾಗ ಹಿಡಿಯಬೇಕಾದ ಗಾಡಿ ಮುಂದೆ ಹೋಗಿಬಿಡುತ್ತಿತ್ತು.

ಅದಕ್ಕೆ ಉತ್ತರವಾಗಿ ಬಂದದ್ದು 1982ರ ಫೋರ್ಡ್ ಮಸ್ಟಾಂಗ್. ಸಿಎಚ್‌ಪಿ ಆ ವರ್ಷ ಸುಮಾರು 400 ಮಸ್ಟಾಂಗ್ ತಗೊಂಡಿತು. 5 ಲೀಟರ್ ವಿ8, ಎರಡು ಬಾಗಿಲು, ಹಗುರ ಮೈ. ಇಪ್ಪತ್ತೇಳು ವರ್ಷದ ಹಿಂದಿನ ಬ್ಯೂಕ್‌ನ ಉಪಾಯವೇ ಮತ್ತೆ ಬಂತು ನೋಡಿ. ಸಿಎಚ್‌ಪಿ ನೋಡಿ ಬೇರೆ ರಾಜ್ಯಗಳೂ ಕೇಳಿದವು, 1993ರ ಹೊತ್ತಿಗೆ ಎಲ್ಲ ಪಡೆಗಳಿಗೂ ಸೇರಿ ಸುಮಾರು 15,000 ಪೊಲೀಸ್ ಮಸ್ಟಾಂಗ್ ತಯಾರಾಗಿದ್ದವು. ಮಾಡೆಲ್ ಕೊಳ್ಳುವವರಿಗೆ ಇಲ್ಲೊಂದು ಗುರುತು ಬೇಕು: ಮೊದಲ ವರ್ಷಗಳ ಮಸ್ಟಾಂಗಿಗೆ ಮುಂದೆ ನಾಲ್ಕು ಚೌಕ ದೀಪ, 1987ರಿಂದ ಮೈಗೆ ಅಂಟಿದ ಹಾಗೆ ನಯವಾದ ಎರಡು ದೀಪ.

ಕೊನೆಗೆ ಕ್ರೌನ್ ವಿಕ್ಟೋರಿಯಾ. ಗಟ್ಟಿ ಚಾಸಿ, ಹಿಂದಿನ ಚಕ್ರಕ್ಕೆ ಶಕ್ತಿ, ವಿ8 ಎಂಜಿನ್, ರಿಪೇರಿ ಸುಲಭ. 1992ರಿಂದ 1997ರವರೆಗಿನದು ದುಂಡು ದುಂಡಾಗಿದೆ, 1998ರಿಂದ ಮಾಡು, ಅಂದರೆ ಗಾಡಿಯ ಚಾವಣಿ, ಚೌಕವಾಗಿ ನೆಟ್ಟಗೆ ನಿಲ್ಲುತ್ತದೆ. ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ 2011ರ ಸೆಪ್ಟೆಂಬರ್ 15ರಂದು ಕೊನೆಯದು ಹೊರಬಂತು, ಕಾರ್ಖಾನೆಯೂ ಮುಚ್ಚಿತು. ಆಮೇಲೆ ಸಿಎಚ್‌ಪಿ ಬಹುಮಟ್ಟಿಗೆ ಫೋರ್ಡ್ ಎಕ್ಸ್‌ಪ್ಲೋರರ್ ಆಧಾರದ ಎತ್ತರದ ಗಾಡಿಗೆ ಹೋಯಿತು. 

ಅಳತೆ ನಿರ್ಧರಿಸಿ

ಇದು ಬೇಗ ಮುಗಿಯುವ ಕೆಲಸ. ನಿಜವಾದ ಕ್ರೌನ್ ವಿಕ್ಟೋರಿಯಾ ಸುಮಾರು 5.4 ಮೀಟರ್ ಉದ್ದ. 1:18 ಅಳತೆಯಲ್ಲಿ, ಅಂದರೆ ನಿಜವಾದದ್ದರ ಹದಿನೆಂಟನೇ ಒಂದು ಭಾಗದಲ್ಲಿ, ಅದು 30 ಸೆಂಟಿಮೀಟರ್ ಆಗುತ್ತದೆ, 1:24ರಲ್ಲಿ ಇಪ್ಪತ್ತೆರಡೂವರೆ, 1:43ರಲ್ಲಿ ಹನ್ನೆರಡೂವರೆ, 1:64ರಲ್ಲಿ ಎಂಟೂವರೆ. ಮೊದಲು ಕಪಾಟಿನ ಆಳ ಅಳೆಯಿರಿ. ಬಾಡಿಗೆ ಮನೆಯಲ್ಲಿದ್ದರೆ, ಆಗಾಗ ಮನೆ ಬದಲಿಸುವವರಾದರೆ 1:64 ಒಳ್ಳೆಯದು. ಬಾಗಿಲು, ಬಾನೆಟ್, ಡಿಕ್ಕಿ ತೆಗೆದು ನೋಡುವ ಆಸೆ ಇದ್ದರೆ 1:24 ಇಲ್ಲವೇ 1:18. ಎರಡು ಅಳತೆಗಿಂತ ಜಾಸ್ತಿ ಬೇಡ. ಪೊಲಾರಾ 1:64ರಲ್ಲಿ, ಮಸ್ಟಾಂಗ್ 1:18ರಲ್ಲಿ ಪಕ್ಕಪಕ್ಕ ಇಟ್ಟರೆ ಪೊಲಾರಾ ಎಷ್ಟು ದೊಡ್ಡ ಗಾಡಿ ಅನ್ನುವುದೇ ಕಾಣುವುದಿಲ್ಲ.

ಕಂಪನಿ ವಿಚಾರಕ್ಕೆ ಬಂದರೆ, ಅಮೆರಿಕದ ಗ್ರೀನ್‌ಲೈಟ್ ತನ್ನ ‘ಹಾಟ್ ಪರ್ಸ್ಯೂಟ್’ ಸಾಲಿನಲ್ಲಿ 1:64ರ ಪೊಲೀಸ್ ಗಾಡಿಗಳನ್ನು ಬಿಡದೆ ತರುತ್ತಿದೆ, ಸಿಎಚ್‌ಪಿಯವು ಅದರಲ್ಲಿ ಸಾಕಷ್ಟಿವೆ. ಆಗೊಮ್ಮೆ ಈಗೊಮ್ಮೆ ಚಕ್ರವೋ ಮೈಯೋ ಹಸಿರಾಗಿರುವ ಗಾಡಿ ಸಿಕ್ಕರೆ ಬಣ್ಣ ತಪ್ಪಿದೆ ಅಂದುಕೊಳ್ಳಬೇಡಿ, ಅದು ಕಂಪನಿಯೇ ಬೇಕಂತ ಕಡಿಮೆ ಸಂಖ್ಯೆಯಲ್ಲಿ ಸೇರಿಸುವ ‘ಗ್ರೀನ್ ಮಷೀನ್’. ನನಗೆ ಅದು ಬೇಡ, ಸಿಎಚ್‌ಪಿಯಲ್ಲಿ ಹಸಿರು ಚಕ್ರದ ಗಾಡಿ ಇರಲಿಲ್ಲ. ಮೋಟರ್‌ಮ್ಯಾಕ್ಸ್ 1:24 ಮತ್ತು 1:18ರಲ್ಲಿ ಕೈಗೆಟಕುವ ಬೆಲೆಯ ಗಾಡಿ ಮಾಡುತ್ತದೆ. ಹಳೆಯದರಲ್ಲಿ ರೋಡ್ ಚಾಂಪ್ಸ್ 1990ರ ದಶಕದಲ್ಲಿ 1:43ರಲ್ಲಿ ಅಮೆರಿಕದ ರಾಜ್ಯ ರಾಜ್ಯಗಳ ಪೊಲೀಸ್ ಕಾರು ತಂದಿತ್ತು, ಈಗ ಕೈಬದಲಾವಣೆಯಲ್ಲಿ ಮಾತ್ರ ಸಿಗುತ್ತವೆ.

ತಗೊಳ್ಳುವ ಮುಂಚೆ ಭೂತಗನ್ನಡಿ ಹಿಡಿಯಿರಿ

ಒಮ್ಮೆ ಮಾರುವವರೊಬ್ಬರು ‘1982ರ ಸಿಎಚ್‌ಪಿ ಮಸ್ಟಾಂಗ್’ ಅಂತ ಹೇಳಿ ಒಂದೇ ಫೋಟೋ ಕಳಿಸಿದ್ದರು, ಪಕ್ಕದಿಂದ ತೆಗೆದದ್ದು. ನಕ್ಷತ್ರ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ದುಡ್ಡು ಕಳಿಸಿದೆ. ಡಬ್ಬ ಬಿಚ್ಚಿ ಮುಂದಿನಿಂದ ನೋಡಿದರೆ ನಯವಾದ ಎರಡು ದೀಪ. ಅಂದರೆ 1987ರ ನಂತರದ ಮೈ. ಆವತ್ತಿನಿಂದ ಐದು ಫೋಟೋ ಇಲ್ಲದೆ ನಾನು ಏನನ್ನೂ ಕೊಳ್ಳುವುದಿಲ್ಲ: ಮುಂದೆ, ಹಿಂದೆ, ಬಾಗಿಲು ಹತ್ತಿರದಿಂದ, ಮೇಲಿನಿಂದ, ತಳ.

ಬಾಗಿಲಿನಿಂದ ಶುರು ಮಾಡಿ. ನಕ್ಷತ್ರಕ್ಕೆ ಏಳು ಮೂಲೆ ಇರಬೇಕು, ಒಂದೊಂದಾಗಿ ಎಣಿಸಿ. ಐದು ಅಥವಾ ಆರು ಇದ್ದರೆ ಅದು ಯಾವುದೋ ಶೆರಿಫ್ ಗಾಡಿಯ ಅಚ್ಚು ಅಥವಾ ಸುಮ್ನೆ ಕಲ್ಪನೆ. ನಡುವೆ ಕ್ಯಾಲಿಫೋರ್ನಿಯಾದ ರಾಜ್ಯಮುದ್ರೆ. ಒಳ್ಳೆಯ 1:18 ಮಾಡೆಲ್ಲಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಕನ್ನಡಿ ಇಟ್ಟರೆ, ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ ಆ ಕನ್ನಡಿ, ಮುದ್ರೆಯೊಳಗೆ ಕೂತಿರುವ ಮಿನರ್ವಾ ದೇವತೆ ಕಾಣುತ್ತಾಳೆ, ಅವಳ ಕಾಲ ಬಳಿ ಒಂದು ಕರಡಿ. ನನ್ನ ಕ್ರೌನ್ ವಿಕ್ಟೋರಿಯಾದಲ್ಲಿ ಮೊದಲ ಸಲ ಆ ಕರಡಿ ಕಂಡಾಗ ಅಕ್ಕನಿಗೆ ರಾತ್ರಿಯೇ ಫೋನ್ ಮಾಡಿ ಹೇಳಿದ್ದೆ. ಕಡಿಮೆ ಬೆಲೆಯ ಮಾಡೆಲ್ಲಿನಲ್ಲಿ ಅದೇ ಜಾಗ ಬರೀ ಹಳದಿ ಚುಕ್ಕೆಗಳ ಗುಂಪಾಗಿರುತ್ತದೆ. ಅಕ್ಷರದ ಅಂಚು ನೋಡಿ, ಹಬ್ಬಿದ ಶಾಯಿಯ ಹಾಗಿದ್ದರೆ ಅದು ಮನೆಯಲ್ಲಿ ಪ್ರಿಂಟ್ ಮಾಡಿ ಅಂಟಿಸಿದ್ದು.

ಇನ್ನು ದೀಪ. ಕ್ಯಾಲಿಫೋರ್ನಿಯಾದ ಕಾಯ್ದೆಯ ಪ್ರಕಾರ ತುರ್ತು ಗಾಡಿಯ ಮುಂದೆ ಮಿನುಗದೆ ಒಂದೇ ಸಮನೆ ಉರಿಯುವ ಕೆಂಪು ದೀಪ ಒಂದಾದರೂ ಇರಬೇಕು, ಅದು 1,000 ಅಡಿ ದೂರಕ್ಕೆ ಕಾಣಬೇಕು. ಮಾಡಿನ ಮೇಲೆ ದೀಪದ ಪಟ್ಟಿ ಇಲ್ಲದ ಸಿಎಚ್‌ಪಿ ಗಾಡಿಗಳಲ್ಲಿ ಮುಂಗಾಜಿನ ಪಕ್ಕದ ಕಂಬಕ್ಕೆ ಕೆಂಪು ಸ್ಪಾಟ್‌ಲೈಟ್ ಇರುವುದು ಇದಕ್ಕೇ. ಬೇರೆ ರಾಜ್ಯದ ಗಾಡಿಗೆ ಮಾಡಿದ ಅಚ್ಚಿಗೆ ಸಿಎಚ್‌ಪಿ ಬಣ್ಣ ಹೊಡೆದರೆ ಈ ಕೆಂಪು ಗಾಜು ತಪ್ಪಿಹೋಗುತ್ತದೆ. ಎರಡೂ ಕಡೆ ಬೆಳ್ಳಿ ಬಣ್ಣದ ಸ್ಪಾಟ್‌ಲೈಟ್ ಇದ್ದು, ಮಾಡಿನ ಮೇಲೂ ಪಟ್ಟಿ ಇಲ್ಲದಿದ್ದರೆ ಕೆಂಪು ಎಲ್ಲಿ ಅಂತ ಮಾರುವವರನ್ನು ಕೇಳಿ.

ಬಿಳಿ ಬಣ್ಣ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅದೇ ವರ್ಷದ ನಿಜವಾದ ಗಾಡಿಯ ಫೋಟೋ ಪಕ್ಕದಲ್ಲಿಟ್ಟು ನೋಡಿ. ಗಾಜಿನ ಸುತ್ತಲಿನ ಕಂಬಗಳಲ್ಲಿ ಕಪ್ಪು-ಬಿಳಿ ಕೂಡುವ ಗೆರೆಯೇ ಕೆಲಸದ ಅಂದ ಹೇಳಿಬಿಡುತ್ತದೆ. ಮುಂದಿನ ಬಂಪರಿಗೆ ಕಪ್ಪು ತಳ್ಳುಗಂಬಿ ಇದ್ದರೆ ಅದು ಅಲಂಕಾರವಲ್ಲ, ಫ್ರೀವೇ ನಡುವೆ ಕೆಟ್ಟು ನಿಂತ ಕಾರನ್ನು ಪಕ್ಕಕ್ಕೆ ತಳ್ಳಲು. ಅದು ಅಲ್ಲಾಡುತ್ತದೆಯೇ ನೋಡಿ, ಸಾಗಿಸುವಾಗ ಮೊದಲು ಮುರಿಯುವುದು ಅದೇ.

ತಳವನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ಹಳೆಯ ಮಾಡೆಲ್ ಆದರೆ ಇನ್ನೂ ಮುಖ್ಯ. ಈ ಕಾರುಗಳ ಮೈ ಜಮ್ಯಾಕ್ ಅನ್ನುವ ಲೋಹ, ಸತುವಿನ ಜೊತೆ ಅಲ್ಯೂಮಿನಿಯಂ, ಮೆಗ್ನೀಷಿಯಂ, ತಾಮ್ರ ಬೆರೆಸಿದ್ದು. ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ ಇದನ್ನು ರೂಪಿಸಿದ್ದು 1929ರಲ್ಲಿ, ಸಿಎಚ್‌ಪಿ ಹುಟ್ಟಿದ ವರ್ಷವೇ. ಬೆರೆಸುವಾಗ ಸೀಸದ ಅಂಶ ಸೇರಿಕೊಂಡರೆ ವರ್ಷಗಳು ಕಳೆದ ಮೇಲೆ ಒಳಗಿನಿಂದಲೇ ಬಿರುಕು ಬಿಡುತ್ತದೆ. ಬಣ್ಣದ ಕೆಳಗೆ ಜೇಡರ ಬಲೆಯಂತಹ ಗೆರೆ, ಉಬ್ಬಿದ ಬಾನೆಟ್, ಮುಚ್ಚದ ಬಾಗಿಲು ಕಂಡರೆ ಆಸೆ ಬಿಟ್ಟುಬಿಡಿ. ಅದಕ್ಕೆ ಮದ್ದಿಲ್ಲ.

ಊರಿಗೆ ತರಿಸುವುದು

ವಿದೇಶದಿಂದ ಪಾರ್ಸೆಲ್ ತರಿಸುವವರು ಎರಡು ವಿಷಯ ತಿಳಿದಿರಬೇಕು. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಸುಂಕ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯಿತು. ದರ ಬದಲಾಗುತ್ತಿರುತ್ತದೆ, ಆರ್ಡರ್ ಮಾಡುವ ದಿನವೇ ನೋಡಿ. ಜೊತೆಗೆ 2021ರ ಜನವರಿ 1ರಿಂದ ಇಲ್ಲಿ ಮಾರುವ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಗುರುತು ಬೇಕು. ಹೊರಗಿನ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತರೆ ಕಾಯುವುದು, ಕಾಗದ ಕೊಡುವುದು ಎಲ್ಲ ನಿಮ್ಮ ಮೇಲೇ ಬೀಳುತ್ತದೆ. ಹಾಗಾಗಿ ಮೊದಲು ಇಲ್ಲಿಯೇ ಇರುವ ಕೂಡಿಡುವವರ ಹತ್ತಿರ, ಇಲ್ಲಿನ ಅಂಗಡಿಗಳಲ್ಲಿ ಹುಡುಕಿ. ಸಿಗದಿದ್ದರೆ ಮಾತ್ರ ಹೊರಗಿನದು.

ಅಕ್ಕನೋ ತಮ್ಮನೋ ಸ್ನೇಹಿತರೋ ಅಲ್ಲಿಂದ ಬರುವವರಿದ್ದರೆ ಒಂದು ಗಾಡಿಗಿಂತ ಜಾಸ್ತಿ ಕೇಳಬೇಡಿ, ಅವರ ತೂಕದ ಲೆಕ್ಕವೂ ನೋಡಬೇಕಲ್ವಾ. ಹೇಗೆ ಕಟ್ಟಬೇಕು ಅಂತ ಮಾತ್ರ ಸರಿಯಾಗಿ ಹೇಳಿಕೊಡಿ. ಗಾಡಿಯನ್ನು ತಳದ ಹಲಗೆಗೆ ಬಿಗಿದ ಸ್ಕ್ರೂ ಬಿಚ್ಚಬಾರದು. ದೀಪ-ಸೈರನ್ ಇರುವ ಮಾಡೆಲ್ ಆದರೆ ಒಳಗಿನ ಬಟನ್ ಸೆಲ್ ತೆಗೆದುಬಿಡಬೇಕು. ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಬಣ್ಣದ ಮೇಲೆ ಸುತ್ತಬಾರದು. ಬಿಸಿಲಿಗೆ, ಶೆಕೆಗೆ ಗುಳ್ಳೆಯ ಗುರುತು ಕಪ್ಪು ಬಣ್ಣದ ಮೇಲೆ ಉಂಗುರ ಉಂಗುರವಾಗಿ ಕೂತುಬಿಡುತ್ತದೆ, ನನ್ನ ಒಂದು ಗಾಡಿಯ ಬಾನೆಟ್ ಮೇಲೆ ಈಗಲೂ ಇದೆ. ಮೊದಲು ಮೆತ್ತಗಿನ ಹತ್ತಿ ಬಟ್ಟೆ ಅಥವಾ ತೆಳು ಕಾಗದ, ಅದರ ಮೇಲೆ ಏನು ಬೇಕಾದರೂ ಸುತ್ತಲಿ.

ಅಲ್ಲೇ ಇರುವವರಿಗೆ ಇನ್ನೊಂದು ಭಾಗ್ಯ ಇದೆ. ಸ್ಯಾಕ್ರಮೆಂಟೊ ಪಕ್ಕದ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಸಿಎಚ್‌ಪಿ ಅಕಾಡೆಮಿ ಇದೆ, ಅಲ್ಲಿ ಮ್ಯೂಸಿಯಂ ಕೂಡ ಇದೆ. ಫ್ರೀಮಾಂಟ್‌ನಿಂದ ಎರಡು ಗಂಟೆಯ ದಾರಿ. ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗಿ. ಆದರೆ ಫೋಟೋ ಬೇಕು ಅಂತ ಫ್ರೀವೇ ಅಂಚಿನಲ್ಲಿ ಕಾರು ನಿಲ್ಲಿಸಬೇಡಿ, ಅಧಿಕಾರಿ ಯಾರನ್ನೋ ನಿಲ್ಲಿಸಿ ಮಾತಾಡುತ್ತಿದ್ದರೆ ಹತ್ತಿರ ಹೋಗಬೇಡಿ. ಅವರಿಗೂ ಅಪಾಯ, ನಿಮಗೂ ಅಪಾಯ.

ಸಿಗದ ಗಾಡಿಯನ್ನು ಮನೆಯಲ್ಲೇ ಮಾಡಿ

ಮೋಟರ್‌ಮ್ಯಾಕ್ಸ್ ಏನೂ ಬರೆಯದ ಖಾಲಿ ಪೊಲೀಸ್ ಗಾಡಿಗಳನ್ನೂ ಮಾರುತ್ತದೆ, ಕಪ್ಪು-ಬಿಳಿ ಬಣ್ಣದಲ್ಲೇ. ನೀರಿನಲ್ಲಿ ನೆನೆಸಿ ಜಾರಿಸುವ ಡಿಕಾಲ್ ಹಾಳೆ, ಅಂದರೆ ಚಿತ್ರ-ಅಕ್ಷರ ಅಚ್ಚಾದ ತೆಳು ಸ್ಟಿಕ್ಕರ್, ತಂದುಕೊಂಡರೆ ನಿಮಗೆ ಬೇಕಾದ ವರ್ಷದ ಗಾಡಿ ಮಾಡಿಕೊಳ್ಳಬಹುದು. ನಾನು ಮಾಡುವುದು ಹೀಗೆ.

ಬಾಗಿಲನ್ನು ಒಂದು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ಒರೆಸಿ, ಒಣಗಿಸಿ, ಆಮೇಲೆ ಬೆರಳು ತಾಗಿಸಬೇಡಿ, ಬೆರಳಿನ ಎಣ್ಣೆಗೆ ಡಿಕಾಲ್ ಕೂರುವುದಿಲ್ಲ. ನಕ್ಷತ್ರವನ್ನು ಅಂಚಿಗೆ ಹತ್ತಿರವಾಗಿ ಕತ್ತರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಬಿಡಿ, ತೆಗೆದು ಟಿಶ್ಯೂ ಮೇಲೆ ಇನ್ನೊಂದು ನಿಮಿಷ. ಒತ್ತಾಯ ಮಾಡಬೇಡಿ, ಬೆರಳಿನಿಂದ ಮೆಲ್ಲಗೆ ತಳ್ಳಿದರೆ ತಾನಾಗಿ ಜಾರಬೇಕು. ಬಾಗಿಲ ಮೇಲೆ ಒಂದು ಹನಿ ನೀರು ಹಾಕಿ, ಕಾಗದವನ್ನು ಪಕ್ಕಕ್ಕೆ ಹಿಡಿದು ನಕ್ಷತ್ರವನ್ನು ಕುಂಚದ ತುದಿಯಿಂದ ಬಾಗಿಲಿಗೆ ಎಳೆದುಕೊಳ್ಳಿ. ಈಗ ಅದು ನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಮೂಲೆ ನೆಟ್ಟಗೆ ಇದೆಯೇ ಅಂತ ಗಾಡಿಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಸರಿ ಅನ್ನಿಸಿದ ಮೇಲೆ ಟಿಶ್ಯೂ ಮೂಲೆಯಿಂದ ನೀರು ಹೀರಿಸಿ, ನಡುವಿನಿಂದ ಹೊರಕ್ಕೆ ಒತ್ತಿ.

ಕಷ್ಟ ಇರುವುದು ಬಾಗಿಲಿನ ಉಬ್ಬು ಪಟ್ಟಿಯಲ್ಲಿ. ಡಿಕಾಲ್ ಅದರ ಮೇಲೆ ಡೇರೆಯ ಹಾಗೆ ನಿಂತುಬಿಡುತ್ತದೆ. ಮೆತ್ತಗೆ ಮಾಡುವ ದ್ರಾವಣ ಬರುತ್ತದೆ, ಕುಂಚದಲ್ಲಿ ಒಂದೇ ಸಲ ಸವರಿ ಬಿಟ್ಟುಬಿಡಿ. ಐದು ನಿಮಿಷದಲ್ಲಿ ನಕ್ಷತ್ರ ಸುಕ್ಕುಗಟ್ಟುತ್ತದೆ, ನೋಡಿದರೆ ಎದೆ ಧಸಕ್ ಅನ್ನುತ್ತದೆ. ಮುಟ್ಟಬೇಡಿ. ಒಣಗುತ್ತಾ ಅದೇ ಪಟ್ಟಿಯ ಮೇಲೆ ಇಳಿದು ಕೂರುತ್ತದೆ. ನಾನು ಮೊದಲ ಸಲ ಗಾಬರಿಯಲ್ಲಿ ಬೆರಳಿನಿಂದ ಸರಿ ಮಾಡಲು ಹೋಗಿ ಎರಡು ಮೂಲೆ ಹರಿದಿದ್ದೆ. ರಾತ್ರಿಯೆಲ್ಲ ಒಣಗಲಿ, ಮಾರನೇ ದಿನ ತೆಳ್ಳಗೆ ಪಾರದರ್ಶಕ ವಾರ್ನಿಷ್.

ಹೀಗೆ ಮಾಡಿದ ಗಾಡಿಯನ್ನು ಮುಂದೆ ಯಾರಿಗಾದರೂ ಕೊಟ್ಟರೆ, ಕಾರ್ಖಾನೆಯದಲ್ಲ, ಮನೆಯಲ್ಲಿ ಮಾಡಿದ್ದು ಅಂತ ತಳದಲ್ಲಿ ಬರೆದೇ ಕೊಡಿ. ಇದೇ ಕೈಚಳಕ ಬಂದರೆ ನಮ್ಮ ಬೆಂಗಳೂರಿನ ಹೊಯ್ಸಳ ಗಸ್ತು ಗಾಡಿಯನ್ನೂ ಮಾಡಬಹುದು, ನನ್ನ ಮೇಜಿನ ಮೇಲೆ ಅದಕ್ಕೊಂದು ಬಿಳಿ ಗಾಡಿ ಕಾಯುತ್ತಿದೆ.

ಇಟ್ಟುಕೊಳ್ಳುವುದು

ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ, ಬಿಳಿ ಬಾಗಿಲು ಎರಡೇ ಬೇಸಿಗೆಗೆ ಹಳದಿ ತಿರುಗುತ್ತದೆ. ಗಾಜಿನ ಬಾಗಿಲಿರುವ ಕಪಾಟು ಇರಲಿ, ಮೂಲೆಯಲ್ಲಿ ಸಿಲಿಕಾ ಜೆಲ್ ಚೀಲ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಚೀಲವನ್ನು ಆಗಾಗ ಬದಲಿಸಿ. ಬಟ್ಟೆ ಕಪಾಟಿನ ಹಾಗೆ ನುಸಿ ಗುಳಿಗೆ ಮಾತ್ರ ಇಡಬೇಡಿ, ನಾಫ್ತಲೀನ್ ಆವಿ ಪ್ಲಾಸ್ಟಿಕ್ಕಿನ ದೀಪ, ಗಾಜುಗಳನ್ನು ಮೆತ್ತಗೆ ಮಾಡಿ ಮಂಕಾಗಿಸುತ್ತದೆ.

ಟೈರಿನ ಕೆಳಗೆ ಗಮನ ಕೊಡಿ. ಮೆತ್ತಗಿನ ಟೈರಿನಲ್ಲಿರುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಬಂದು ಪ್ಲಾಸ್ಟಿಕ್ ಹಲಗೆಯನ್ನು ತಿನ್ನುತ್ತದೆ, ಕೊನೆಗೆ ಟೈರು ಹಲಗೆಗೆ ಅಂಟಿಕೊಳ್ಳುತ್ತದೆ. 1:18ರ ಭಾರದ ಗಾಡಿಗಳಿಗೆ ತಳದ ನಡುವೆ ಸಣ್ಣ ಮರದ ತುಂಡು ಕೊಟ್ಟು ಚಕ್ರ ಕೂದಲೆಳೆಯಷ್ಟು ಎತ್ತಿಡಿ, ಹೊರಗೆ ಗೊತ್ತೇ ಆಗುವುದಿಲ್ಲ. ಧೂಳಿಗೆ ಮೇಕಪ್ಪಿನ ಮೆತ್ತಗಿನ ಬ್ರಷ್ ಸಾಕು. ಗಾಜು ಒರೆಸುವ ಸ್ಪ್ರೇ ನಕ್ಷತ್ರದ ಮೇಲೆ ಬೇಡವೇ ಬೇಡ.

ಡಬ್ಬ ಎಸೆಯಬೇಡಿ, ಮಡಚಿಯಾದರೂ ಇಡಿ. ನೋಟ್‌ಬುಕ್ಕಿನಲ್ಲಿ ಗಾಡಿಯ ವರ್ಷ, ಅಳತೆ, ಕಂಪನಿ, ಎಲ್ಲಿಂದ ಯಾರು ತಂದರು, ಏನು ಕೊಟ್ಟಿರಿ ಅಂತ ಅವತ್ತೇ ಬರೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ 1980ರ ಸೇಂಟ್ ರೀಜಿಸ್‌ನ ಪುಟ ಇನ್ನೂ ಅರ್ಧ ಖಾಲಿ ಇದೆ. 318 ಎಂಜಿನ್ ಅಂತ ಬರೆದಿದ್ದೇನೆ, ಗಾಡಿ ಸಿಕ್ಕಿಲ್ಲ. ಅಕ್ಕ ಡಿಸೆಂಬರಿನಲ್ಲಿ ಬರುತ್ತಾಳೆ. ಕಂಡರೆ ಐದು ಫೋಟೋ ಕಳಿಸು ಅಂತ ಹೇಳಿಟ್ಟಿದ್ದೇನೆ.